ಅಧ್ಯಕ್ಷರ ಸಹಿ ಎಲ್ಲಿಯವರೆಗೆ ನಡೆಯುತ್ತದೆ?

ಪ್ರಶ್ನೆ: ನಾನು ದಾವಣಗೆರೆಯ ನಿವೃತ್ತ ಶಿಕ್ಷಕಿ. ಮಗಳು, ಅಳಿಯ ಇಬ್ಬರೂ ಟೆಕ್ಸಾಸ್‌ನಲ್ಲಿ ಎಚ್-1ಬಿ ವೀಸಾದಲ್ಲಿದ್ದಾರೆ. ಮೇ ತಿಂಗಳಲ್ಲಿ ಮಗಳ ಬಾಣಂತನಕ್ಕೆ ಹೋಗಬೇಕು. ಟಿವಿಯಲ್ಲಿ ಒಂದು ದಿನ ಟ್ರಂಪ್ ಆದೇಶ ಹೊರಡಿಸಿದರು ಅಂತ ಬರುತ್ತದೆ, ಮರುವಾರ ಕೋರ್ಟ್ ತಡೆಯಿತು ಅಂತ ಬರುತ್ತದೆ. ಅಲ್ಲಿ ಅಧ್ಯಕ್ಷರು ಸಹಿ ಹಾಕಿದರೆ ಅದೇ ಕಾನೂನಾ? ನಮ್ಮ ಸುಗ್ರೀವಾಜ್ಞೆ ತರಾನಾ? ಹಿಂದಿನ ಅಧ್ಯಕ್ಷರೂ ಹೀಗೇ ಮಾಡಿದ್ದರಾ, ಇವರೊಬ್ಬರೇನಾ? ಹುಟ್ಟುವ ಮಗುವಿನ ಪೌರತ್ವದ ಕತೆ ಏನು? ಮುಂದೆ ಬೇರೆಯವರು ಅಧ್ಯಕ್ಷರಾದರೆ ಎಲ್ಲ ರದ್ದಾಗುತ್ತದಾ?

ಉತ್ತರ: ಸಹಿ ಹಾಕಿದ ಮಾತ್ರಕ್ಕೆ ಅದು ಕಾನೂನಾಗುವುದಿಲ್ಲ. ಕಾನೂನಲ್ಲವಲ್ಲ ಅಂತ ನಿಶ್ಚಿಂತೆಯಾಗಿ ಇರುವ ಹಾಗೂ ಇಲ್ಲ. ನಿಮ್ಮ ಗೊಂದಲ ಹುಟ್ಟಿರುವುದು ಈ ಎರಡರ ನಡುವೆ. ಬಿಡಿಸಿ ಹೇಳುತ್ತೇನೆ, ಉತ್ತರ ಸ್ವಲ್ಪ ಉದ್ದವಾಗುತ್ತದೆ. ಅಮೆರಿಕದ ಸಂಸತ್ತಿನ ಹೆಸರು ಕಾಂಗ್ರೆಸ್. ನಮ್ಮಲ್ಲಿ ಆ ಹೆಸರು ಕೇಳಿದರೆ ಪಕ್ಷ ನೆನಪಾಗುತ್ತದೆ. ಹಾಗಾಗಿ ಇಲ್ಲಿ ಸಂಸತ್ತು ಎಂದೇ ಬರೆಯುತ್ತೇನೆ.

ಮೊದಲು ಸುಗ್ರೀವಾಜ್ಞೆಯ ಮಾತು ಮುಗಿಸೋಣ. ನಮ್ಮಲ್ಲಿ 123ನೇ ವಿಧಿಯಡಿ ರಾಷ್ಟ್ರಪತಿ, 213ನೇ ವಿಧಿಯಡಿ ರಾಜ್ಯಪಾಲರು ಸದನ ನಡೆಯದ ಹೊತ್ತಿನಲ್ಲಿ ಸುಗ್ರೀವಾಜ್ಞೆ ಹೊರಡಿಸುತ್ತಾರೆ. ಅದಕ್ಕೆ ಕಾಯ್ದೆಯಷ್ಟೇ ಬಲ. ಸದನ ಮತ್ತೆ ಸೇರಿದ ಮೇಲೆ ಆರು ವಾರದೊಳಗೆ ಒಪ್ಪಿಗೆ ಸಿಗದಿದ್ದರೆ ಅದು ಬಿದ್ದುಹೋಗುತ್ತದೆ. ಮೈಕ್ರೋಫೈನಾನ್ಸ್‌ನವರ ಕಿರುಕುಳ ತಡೆಯಲು 2025ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ತಂದದ್ದು ಇಂಥದ್ದೇ. ರಾಜ್ಯಪಾಲರು ಆಕ್ಷೇಪ ಹೇಳಿ ಒಮ್ಮೆ ವಾಪಸ್ ಕಳಿಸಿದರು, ಆಮೇಲೆ ಸಹಿ ಹಾಕಿದರು, ಮುಂದೆ ಅದು ಮಸೂದೆಯಾಗಿ ಸದನಕ್ಕೆ ಬಂತು. ಅಮೆರಿಕದ ಅಧ್ಯಕ್ಷರಿಗೆ ಈ ಅಧಿಕಾರವೇ ಇಲ್ಲ. ಸಂಸತ್ತು ರಜೆಯಲ್ಲಿದೆ ಅಂತ ಅವರು ತಾವೇ ಕಾಯ್ದೆ ಮಾಡುವ ಹಾಗಿಲ್ಲ. ಆದರೆ ಅವರ ಆದೇಶವನ್ನು ಸದನದ ಮುಂದೆ ಇಡಬೇಕಾಗಿಯೂ ಇಲ್ಲ. ಆರು ವಾರದ ಗಡುವೂ ಇಲ್ಲ. ಯಾರಾದರೂ ತೆಗೆದುಹಾಕುವವರೆಗೆ ಅದು ಇದ್ದೇ ಇರುತ್ತದೆ.

ಅದನ್ನು ಹೋಲಿಸಬೇಕಾದದ್ದು ವಿಧಾನಸೌಧದಿಂದ ಹೊರಡುವ ಸರ್ಕಾರಿ ಆದೇಶಕ್ಕೆ. ಶಾಲೆಯಲ್ಲಿ ಇದ್ದವರು ನೀವು, ಎಷ್ಟೋ ನೋಡಿರುತ್ತೀರಿ. ಮೇಲೆ ‘ಓದಲಾಗಿದೆ’, ಆಮೇಲೆ ‘ಪ್ರಸ್ತಾವನೆ’, ಕೊನೆಗೆ ‘ಕರ್ನಾಟಕ ರಾಜ್ಯಪಾಲರ ಆದೇಶಾನುಸಾರ ಮತ್ತು ಅವರ ಹೆಸರಿನಲ್ಲಿ’. ಅದು ಇಲಾಖೆಗೆ ಹೇಳುವ ಮಾತು. ಜನರಿಗೆ ತಟ್ಟುವುದು ಇಲಾಖೆಯ ಮೂಲಕ. ಅಮೆರಿಕದ ಕಾರ್ಯಕಾರಿ ಆದೇಶವೂ ಹಾಗೇ. ಸಂವಿಧಾನ ಮತ್ತು ಕಾನೂನುಗಳು ಅಧ್ಯಕ್ಷನಾಗಿ ನನಗೆ ಕೊಟ್ಟಿರುವ ಅಧಿಕಾರದಿಂದ ಎಂದು ಶುರುವಾಗುತ್ತದೆ. ಯಾವ ಇಲಾಖೆ ಎಷ್ಟು ದಿನದೊಳಗೆ ಏನು ಮಾಡಬೇಕು ಅಂತ ಹೇಳುತ್ತದೆ. ಅದಕ್ಕೊಂದು ನಂಬರ್ ಬೀಳುತ್ತದೆ, ಫೆಡರಲ್ ರಿಜಿಸ್ಟರ್ ಎಂಬ ಅವರ ರಾಜಪತ್ರದಲ್ಲಿ ಅಚ್ಚಾಗುತ್ತದೆ. ಇದಲ್ಲದೆ ‘ಘೋಷಣೆ’ ಅಂತ ಒಂದಿದೆ, ‘ಜ್ಞಾಪನ’ ಅಂತ ಇನ್ನೊಂದಿದೆ. ಹೆಸರು ಬೇರೆ, ಕೆಲಸ ಹೆಚ್ಚು ಕಡಿಮೆ ಒಂದೇ. ನಿಮ್ಮ ಮಗಳ ಮನೆಯಲ್ಲಿ ಗಾಬರಿ ಹುಟ್ಟಿಸಿರಬಹುದಾದ, ಹೊಸ ಎಚ್-1ಬಿ ಅರ್ಜಿಗೆ 1,00,000 ಡಾಲರ್ ಶುಲ್ಕ ಬಂದದ್ದು ಘೋಷಣೆಯ ರೂಪದಲ್ಲಿ.

ಕಾರ್ಯಕಾರಿ ಆದೇಶ ಎಂಬ ಮಾತೇ ಅವರ ಸಂವಿಧಾನದಲ್ಲಿಲ್ಲ. 2ನೇ ವಿಧಿ ಆಡಳಿತದ ಅಧಿಕಾರವನ್ನು ಅಧ್ಯಕ್ಷರ ಕೈಗೆ ಕೊಡುತ್ತದೆ. ಕಾನೂನುಗಳು ನಿಷ್ಠೆಯಿಂದ ಜಾರಿಯಾಗುವಂತೆ ನೋಡಿಕೊಳ್ಳಿ ಎನ್ನುತ್ತದೆ. ಜೊತೆಗೆ ಸೇನೆಯ ಮಹಾದಂಡನಾಯಕನ ಪಟ್ಟ. ಇವಿಷ್ಟರ ಮೇಲೆ ಸಾವಿರಾರು ಆದೇಶಗಳು ನಿಂತಿವೆ. ಹಾಗಾಗಿ ಪ್ರತಿ ಆದೇಶಕ್ಕೂ ಒಂದು ಆಧಾರ ಬೇಕು. ಒಂದೋ ಸಂವಿಧಾನ ನೇರವಾಗಿ ಕೊಟ್ಟ ಅಧಿಕಾರ, ಇಲ್ಲವೇ ಸಂಸತ್ತು ಯಾವುದೋ ಕಾಯ್ದೆಯಲ್ಲಿ ಬಿಟ್ಟುಕೊಟ್ಟ ಅಧಿಕಾರ. ಹೊಸ ಆದೇಶದ ಸುದ್ದಿ ಬಂದಾಗ ನಾನು ಮೊದಲು ಹುಡುಕುವುದು ಇದನ್ನೇ: ಯಾವ ಕಾಯ್ದೆಯ ಯಾವ ಕಲಂ ಹೆಸರಿಸಿದ್ದಾರೆ? ಬರೀ ‘ಸಂವಿಧಾನ ಮತ್ತು ಕಾನೂನುಗಳು’ ಅಂತ ಬಿಟ್ಟಿದ್ದರೆ ಆ ಆದೇಶ ಸಣ್ಣ ವಿಷಯದ್ದಾಗಿರಬಹುದು, ಇಲ್ಲವೇ ಆಧಾರ ಸಿಗದೆ ತೇಲಿಸಿರಬಹುದು.

ಈ ಆಧಾರದ ಮಾತು ಕೋರ್ಟಿನಲ್ಲಿ ಗಟ್ಟಿಯಾದದ್ದು 1952ರಲ್ಲಿ. ಆಗ ಕೊರಿಯಾ ಯುದ್ಧ ನಡೆಯುತ್ತಿತ್ತು. ಉಕ್ಕಿನ ಕಾರ್ಖಾನೆಗಳ ಕಾರ್ಮಿಕರು ಸಂಬಳದ ಜಗಳದಲ್ಲಿ ಮುಷ್ಕರಕ್ಕೆ ಸಜ್ಜಾಗಿದ್ದರು. ಉಕ್ಕು ನಿಂತರೆ ಮದ್ದುಗುಂಡು ನಿಲ್ಲುತ್ತದೆ ಎಂದು ಅಧ್ಯಕ್ಷ ಹ್ಯಾರಿ ಟ್ರೂಮನ್ ಏಪ್ರಿಲ್ 8ರಂದು ಆದೇಶ ಹೊರಡಿಸಿದರು. ವಾಣಿಜ್ಯ ಕಾರ್ಯದರ್ಶಿ (ಅಲ್ಲಿ ಕಾರ್ಯದರ್ಶಿ ಎಂದರೆ ನಮ್ಮ ಮಂತ್ರಿ ಇದ್ದ ಹಾಗೆ) ಚಾರ್ಲ್ಸ್ ಸಾಯರ್ ದೇಶದ ಬಹುಪಾಲು ಉಕ್ಕಿನ ಕಾರ್ಖಾನೆಗಳನ್ನು ಸರ್ಕಾರದ ವಶಕ್ಕೆ ತೆಗೆದುಕೊಳ್ಳಬೇಕಿತ್ತು. ಕಂಪನಿಗಳು ಕೋರ್ಟಿಗೆ ಹೋದವು. ಎರಡು ತಿಂಗಳೂ ಆಗಿರಲಿಲ್ಲ, ಜೂನ್ 2ರಂದು ಸುಪ್ರೀಂ ಕೋರ್ಟ್ 6-3ರಲ್ಲಿ ಆದೇಶ ಹೊಡೆದುಹಾಕಿತು. ಆ ಪೀಠದ ಒಂಬತ್ತೂ ನ್ಯಾಯಮೂರ್ತಿಗಳನ್ನು ನೇಮಿಸಿದ್ದು ಒಂದೋ ಟ್ರೂಮನ್, ಇಲ್ಲವೇ ಅವರದೇ ಪಕ್ಷದ ಹಿಂದಿನ ಅಧ್ಯಕ್ಷ ರೂಸ್‌ವೆಲ್ಟ್! ಐದು ವರ್ಷದ ಹಿಂದೆ ಕಾರ್ಮಿಕ ಕಾಯ್ದೆ ಮಾಡುವಾಗ ಇಂಥ ಜಪ್ತಿಯ ಅಧಿಕಾರ ಕೊಡಬೇಕೇ ಎಂಬ ಪ್ರಶ್ನೆ ಸಂಸತ್ತಿನ ಮುಂದೆ ಬಂದಿತ್ತು. ಸಂಸತ್ತು ಬೇಡ ಎಂದಿತ್ತು. ಬೇಡ ಎಂದದ್ದನ್ನು ಅಧ್ಯಕ್ಷರು ಸಹಿ ಹಾಕಿ ತೆಗೆದುಕೊಳ್ಳುವ ಹಾಗಿಲ್ಲ, ಅಲ್ವಾ?

ಆ ತೀರ್ಪಿನಲ್ಲಿ ಇವತ್ತಿಗೂ ಎಲ್ಲರೂ ಓದುವುದು ರಾಬರ್ಟ್ ಜಾಕ್ಸನ್ ಎಂಬ ನ್ಯಾಯಮೂರ್ತಿ ಬೇರೆಯಾಗಿ ಬರೆದ ಪುಟಗಳನ್ನು. ಆತ ಮೂರು ಸ್ಥಿತಿ ಹೇಳಿದರು. ಸಂಸತ್ತು ಒಪ್ಪಿ ಕೊಟ್ಟ ಅಧಿಕಾರದಿಂದ ನಡೆದರೆ ಅಧ್ಯಕ್ಷರ ಬಲ ತುಂಬ ಜಾಸ್ತಿ. ಸಂಸತ್ತು ಏನೂ ಹೇಳದಿದ್ದಲ್ಲಿ ಅದು ಮಬ್ಬು ಬೆಳಕಿನ ಜಾಗ, ಹೇಗೂ ಆಗಬಹುದು. ಸಂಸತ್ತಿನ ಇಷ್ಟಕ್ಕೆ ವಿರುದ್ಧವಾಗಿ ನಡೆದರೆ ಬಲ ತಳ ಹಿಡಿಯುತ್ತದೆ. ಜಾಕ್ಸನ್ ಹಿಂದೆ ರೂಸ್‌ವೆಲ್ಟ್ ಸರ್ಕಾರದ ಅಟಾರ್ನಿ ಜನರಲ್ ಆಗಿದ್ದವರು. ಆ ಕುರ್ಚಿಯಲ್ಲಿ ಕೂತು 1941ರಲ್ಲಿ ಇಂಥದ್ದೇ ಒಂದು ವಿಮಾನ ಕಾರ್ಖಾನೆಯ ಜಪ್ತಿಯನ್ನು ಸಮರ್ಥಿಸಿದ್ದರು. ಈ ಕುರ್ಚಿಗೆ ಬಂದ ಮೇಲೆ ಹೀಗೆ ಬರೆದರು. ಈ ತರದ ಮಗ್ಗುಲು ಬದಲಾವಣೆ ಇನ್ನೂ ನೋಡುತ್ತೀರಿ, ಅವೆಲ್ಲ ಇಷ್ಟು ಗೌರವದವಲ್ಲ.

2025ರಲ್ಲಿ ಈ ಮೂರು ಸ್ಥಿತಿಯನ್ನು ಕಣ್ಣಿಗೆ ಕಟ್ಟುವ ಹಾಗೆ ತೋರಿಸಿದ್ದು ವಾಷಿಂಗ್ಟನ್ನಿನ ಒಬ್ಬರೇ ನ್ಯಾಯಾಧೀಶೆ, ಬೆರಿಲ್ ಹೋವೆಲ್. ಟ್ರಂಪ್ ಮಾರ್ಚ್‌ನಲ್ಲಿ ಪರ್ಕಿನ್ಸ್ ಕೋಯಿ ಎಂಬ ವಕೀಲರ ಸಂಸ್ಥೆಯ ಮೇಲೆ ಒಂದು ಆದೇಶ ಹೊರಡಿಸಿದ್ದರು. 2016ರ ಚುನಾವಣೆಯಲ್ಲಿ ಅದು ಟ್ರಂಪ್ ಎದುರಾಳಿ ಹಿಲರಿ ಕ್ಲಿಂಟನ್ ಪ್ರಚಾರಕ್ಕೆ ಕೆಲಸ ಮಾಡಿತ್ತು. ಆ ಸಂಸ್ಥೆಯವರಿಗೆ ಸರ್ಕಾರಿ ಕಟ್ಟಡಕ್ಕೆ ಪ್ರವೇಶ ಕಷ್ಟವಾಗಬೇಕು, ಅದರ ಜೊತೆ ವ್ಯವಹರಿಸುವ ಗುತ್ತಿಗೆದಾರರು ಅದನ್ನು ತಿಳಿಸಬೇಕು, ಹೀಗೆ. ಮೇ 2ರಂದು ಹೋವೆಲ್ ಅದನ್ನು ಸಂವಿಧಾನಬಾಹಿರ ಎಂದು ರದ್ದು ಮಾಡಿದರು. ಎಚ್-1ಬಿ ಶುಲ್ಕದ ಕೇಸೂ ಅವರ ಮುಂದೆಯೇ ಬಂತು. ಡಿಸೆಂಬರ್ 23ರಂದು ಅವರು ಅಧ್ಯಕ್ಷರ ಪರ ತೀರ್ಪು ಕೊಟ್ಟರು. ನ್ಯಾಯಾಧೀಶೆ ಒಬ್ಬರೇ, ಅಧ್ಯಕ್ಷರೂ ಒಬ್ಬರೇ. ವ್ಯತ್ಯಾಸ ಇದ್ದದ್ದು ಆಧಾರದಲ್ಲಿ. ವಕೀಲರ ಮೇಲೆ ಹಗೆ ತೀರಿಸಿಕೊಳ್ಳಿ ಎಂದು ಯಾವ ಕಾಯ್ದೆಯೂ ಹೇಳಿಲ್ಲ. ವಲಸೆಯ ವಿಷಯ ಹಾಗಲ್ಲ. ದೇಶದ ಹಿತಕ್ಕೆ ಧಕ್ಕೆ ಅಂತ ಕಂಡರೆ ಯಾವುದೇ ವರ್ಗದ ವಿದೇಶಿಯರ ಪ್ರವೇಶವನ್ನು ಅಧ್ಯಕ್ಷರು ತಡೆಯಬಹುದು, ಇಲ್ಲವೇ ಷರತ್ತು ಹಾಕಬಹುದು ಎಂದು 1952ರ ವಲಸೆ ಕಾಯ್ದೆಯ 212ನೇ ಕಲಂ ಹೇಳುತ್ತದೆ. 2018ರಲ್ಲಿ ಸುಪ್ರೀಂ ಕೋರ್ಟ್ ಆ ಕಲಂಗೆ ತುಂಬ ವಿಶಾಲ ಅರ್ಥ ಕೊಟ್ಟಿದೆ. ಸಂಸತ್ತು ಎಪ್ಪತ್ತು ವರ್ಷದ ಹಿಂದೆ ಬರೆದುಕೊಟ್ಟ ಖಾಲಿ ಚೆಕ್ ಅದು. ಶುಲ್ಕ ನನಗೆ ಕೆಟ್ಟ ನೀತಿಯಾಗಿಯೇ ಕಾಣುತ್ತದೆ. ಆದರೆ ಕೋಪ ಬರೀ ಟ್ರಂಪ್ ಮೇಲೆ ಮಾಡಿಕೊಂಡರೆ ಸಾಲದು, ಚೆಕ್ ಬರೆದವರ ಮೇಲೂ ಮಾಡಿಕೊಳ್ಳಬೇಕು.

ಈಗ ನಿಮ್ಮ ಮೂರನೇ ಪ್ರಶ್ನೆ, ಹಿಂದಿನವರ ಬಗ್ಗೆ. ಎಲ್ಲರೂ ಮಾಡಿದ್ದಾರೆ. ಲೆಕ್ಕದಲ್ಲಿ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರನ್ನು ಮೀರಿಸಿದವರಿಲ್ಲ, 3,700ಕ್ಕೂ ಹೆಚ್ಚು. ಒಬಾಮ ಎಂಟು ವರ್ಷದಲ್ಲಿ ಸುಮಾರು 276. ಟ್ರಂಪ್ ಮೊದಲ ಅವಧಿಯ ನಾಲ್ಕು ವರ್ಷದಲ್ಲಿ 220 ಹೊರಡಿಸಿದ್ದರು. ಎರಡನೇ ಅವಧಿಯಲ್ಲಿ ಒಂದು ವರ್ಷ ತುಂಬುವ ಮೊದಲೇ ಅಷ್ಟನ್ನು ದಾಟಿದರು. ಮೊದಲ ದಿನವೇ 26. ಅವುಗಳಲ್ಲಿ ಕೆಲವಕ್ಕೆ ಕ್ರೀಡಾಂಗಣದಲ್ಲಿ ಬೆಂಬಲಿಗರ ಮುಂದೆ ಮೇಜು ಹಾಕಿ ಸಹಿ ಮಾಡಿದರು, ಆಮೇಲೆ ಪೆನ್ನುಗಳನ್ನು ಜನರತ್ತ ಎಸೆದರು. ಆದರೆ ಸಂಖ್ಯೆ ನೋಡಿ ತೀರ್ಮಾನಕ್ಕೆ ಬರಬೇಡಿ. ರೂಸ್‌ವೆಲ್ಟ್ ಕಾಲದ ಎಷ್ಟೋ ಆದೇಶಗಳು ಸರ್ಕಾರಿ ಜಮೀನಿನವು, ಒಬ್ಬಿಬ್ಬರು ನೌಕರರ ಸೇವಾ ನಿಯಮದವು. ಅವನ್ನು ಓದಿದರೆ ನಿದ್ದೆ ಬರುತ್ತದೆ.

ನಿದ್ದೆ ಕೆಡಿಸುವ ಆದೇಶ ಅವರದೇ 9066ನೇ ನಂಬರಿನದು, 1942ರ ಫೆಬ್ರುವರಿ 19ರದು. ಅದರಲ್ಲಿ ಜಪಾನಿ ಎಂಬ ಪದವೇ ಇಲ್ಲ. ಯುದ್ಧ ಕಾರ್ಯದರ್ಶಿ ಯಾವುದೇ ಪ್ರದೇಶವನ್ನು ಸೇನಾ ವಲಯ ಎನ್ನಬಹುದು, ಅಲ್ಲಿಂದ ಯಾರನ್ನು ಬೇಕಾದರೂ ಹೊರಹಾಕಬಹುದು, ಇಷ್ಟೇ. ಇಲಾಖೆಗೆ ಕೊಟ್ಟ ಒಣ ಸೂಚನೆ. ಅದರಡಿ ಪಶ್ಚಿಮ ಕರಾವಳಿಯ ಸುಮಾರು 1,20,000 ಜಪಾನಿ ಮೂಲದವರನ್ನು ಮನೆ, ಅಂಗಡಿ, ತೋಟ ಬಿಡಿಸಿ ಮುಳ್ಳುತಂತಿಯ ಶಿಬಿರಗಳಿಗೆ ಒಯ್ದರು. ಮೂರರಲ್ಲಿ ಎರಡು ಪಾಲು ಜನ ಅಲ್ಲೇ ಹುಟ್ಟಿದ ಅಮೆರಿಕದ ಪ್ರಜೆಗಳು. ಸಂಸತ್ತು ತಡೆಯಲಿಲ್ಲ. ಆದೇಶ ಮೀರಿದರೆ ಶಿಕ್ಷೆ ಎಂದು ಮುಂದಿನ ತಿಂಗಳೇ ಕಾಯ್ದೆ ಮಾಡಿಕೊಟ್ಟಿತು. 1944ರಲ್ಲಿ ಸುಪ್ರೀಂ ಕೋರ್ಟ್ ಕೂಡ 6-3ರಲ್ಲಿ ಸರಿ ಎಂದಿತು. ಯುದ್ಧ ಮುಗಿದು ಮೂರು ದಶಕವಾದ ಮೇಲೆ, 1976ರಲ್ಲಿ ಅಧ್ಯಕ್ಷ ಫೋರ್ಡ್ ಆದೇಶವನ್ನು ವಿಧಿವತ್ತಾಗಿ ಕೊನೆಗೊಳಿಸಿದರು. 1988ರಲ್ಲಿ ಸಂಸತ್ತು ಕ್ಷಮೆ ಕೇಳಿ, ಬದುಕಿದ್ದವರಿಗೆ ತಲಾ 20,000 ಡಾಲರ್ ಕೊಟ್ಟಿತು. ಆಧಾರ ಇದೆಯೇ ಎಂಬ ಪ್ರಶ್ನೆಗೆ ಹೌದು ಎಂಬ ಉತ್ತರ ಬಂದರೆ ಸಾಲದು ಎಂದು ನಾನು ಹೇಳುವುದು ಇದಕ್ಕೇ. 9066ಕ್ಕೆ ಆಧಾರವೂ ಇತ್ತು, ಸಂಸತ್ತೂ ಇತ್ತು, ಕೋರ್ಟೂ ಇತ್ತು.

ಅದೇ ಮಹಾದಂಡನಾಯಕನ ಅಧಿಕಾರದಿಂದ 1948ರ ಜುಲೈ 26ರಂದು ಟ್ರೂಮನ್ ಇನ್ನೊಂದು ಆದೇಶಕ್ಕೆ ಸಹಿ ಹಾಕಿದರು. ಸೇನೆಯಲ್ಲಿ ಬಣ್ಣ, ಜನಾಂಗ, ಧರ್ಮ ನೋಡದೆ ಎಲ್ಲರಿಗೂ ಸಮಾನ ಅವಕಾಶ. ಆಗ ಕಪ್ಪು ಸೈನಿಕರಿಗೆ ಬೇರೆ ತುಕಡಿ, ಬೇರೆ ಊಟದ ಮನೆ. ಇದನ್ನು ಕಾಯ್ದೆಯಾಗಿ ತಂದಿದ್ದರೆ ವರ್ಣಭೇದ ಬೇಕೆನ್ನುತ್ತಿದ್ದ ದಕ್ಷಿಣದ ರಾಜ್ಯಗಳ ಸೆನೆಟರುಗಳು, ಅಂದರೆ ಮೇಲ್ಮನೆಯ ಸದಸ್ಯರು, ಬಿಡುತ್ತಲೇ ಇರಲಿಲ್ಲ. ಆದರೂ ಸಹಿ ಹಾಕಿದ ಮರುದಿನ ಏನೂ ಬದಲಾಗಲಿಲ್ಲ. ಸೇನೆಯ ದೊಡ್ಡ ಅಧಿಕಾರಿಗಳು ಎಳೆದಾಡಿದರು. ಕೊರಿಯಾ ಯುದ್ಧದಲ್ಲಿ ಜನ ಸಾಲದೆ ತುಕಡಿಗಳು ಬೆರೆತವು, ಕೊನೆಯ ಪ್ರತ್ಯೇಕ ತುಕಡಿ ಹೋದದ್ದು 1954ರಲ್ಲಿ. ಆದೇಶ ಕೊಡುವವರಿಗೂ ಅದನ್ನು ನಡೆಸುವವರಿಗೂ ಎಷ್ಟು ದೂರ ಇರುತ್ತದೆ ಅನ್ನುವುದು ಸರ್ಕಾರಿ ಶಾಲೆಯಲ್ಲಿ ಕೆಲಸ ಮಾಡಿದವರಿಗೆ ನಾನು ಹೇಳಬೇಕಾಗಿಲ್ಲ. ಒಬಾಮ ಕ್ಯೂಬಾದಲ್ಲಿರುವ ಅಮೆರಿಕದ ಗ್ವಾಂಟನಾಮೋ ಸೇನಾ ಜೈಲನ್ನು ಒಂದು ವರ್ಷದಲ್ಲಿ ಮುಚ್ಚಿ ಎಂದು 2009ರ ಜನವರಿಯಲ್ಲಿ ಆದೇಶಿಸಿದರು. ಸಂಸತ್ತು ದುಡ್ಡು ಕೊಡಲಿಲ್ಲ. ಜೈಲು ಇವತ್ತೂ ಇದೆ.

ಒಳ್ಳೆಯ ಆದೇಶಕ್ಕೂ ಒಂದು ಶಾಪ ಇದೆ: ಅದನ್ನು ತೆಗೆದುಹಾಕಲು ಇನ್ನೊಂದು ಸಹಿ ಸಾಕು. ಲಿಂಕನ್‌ಗೆ ಇದು ಗೊತ್ತಿತ್ತು. ಗುಲಾಮರ ಬಿಡುಗಡೆಯ 1863ರ ವಿಮೋಚನಾ ಘೋಷಣೆ ಯುದ್ಧಕಾಲದ ಕ್ರಮ, ಯುದ್ಧ ಮುಗಿದ ಮೇಲೆ ಅದರ ಗತಿ ಏನು ಎಂಬ ಚಿಂತೆ ಅವರಿಗಿತ್ತು. ಅದಕ್ಕೇ ಪಟ್ಟು ಹಿಡಿದು ಗುಲಾಮಗಿರಿ ನಿಷೇಧಿಸುವ ಸಂವಿಧಾನದ 13ನೇ ತಿದ್ದುಪಡಿಯನ್ನು ಸಂಸತ್ತಿನಲ್ಲಿ ಪಾಸು ಮಾಡಿಸಿದರು. ನಂತರದವರು ಆ ಕಷ್ಟ ತೆಗೆದುಕೊಳ್ಳಲಿಲ್ಲ. ಸರ್ಕಾರದ ಗುತ್ತಿಗೆ ಹಿಡಿಯುವ ಕಂಪನಿಗಳು ಕೆಲಸ ಕೊಡುವಾಗ ಭೇದ ಮಾಡಬಾರದು, ಎಲ್ಲರಿಗೂ ಅವಕಾಶ ಸಿಗುವಂತೆ ಮುಂದಾಗಿ ಕ್ರಮ ತೆಗೆದುಕೊಳ್ಳಬೇಕು ಎಂದು 1965ರಲ್ಲಿ ಲಿಂಡನ್ ಜಾನ್ಸನ್ ಆದೇಶ ಹೊರಡಿಸಿದರು. ಅರವತ್ತು ವರ್ಷ ಅದು ಕಾಯ್ದೆಯ ಹಾಗೇ ನಡೆಯಿತು. ಕಂಪನಿಗಳು ಅದಕ್ಕೆಂದೇ ವಿಭಾಗ ಕಟ್ಟಿಕೊಂಡವು. ಆದೇಶದ ಆ ಷರತ್ತುಗಳನ್ನು ಕಾಯ್ದೆಯಾಗಿ ಬರೆಯೋಣ ಅಂತ ಯಾರಿಗೂ ಅವಸರ ಇರಲಿಲ್ಲ. 2025ರ ಜನವರಿ 21ರಂದು ಟ್ರಂಪ್ ಅದನ್ನು ರದ್ದು ಮಾಡಿದರು. ಕನಿಷ್ಠ ಕೂಲಿಯದೂ ಇದೇ ಪಾಡು. ಸಂಸತ್ತು ದೇಶದ ಕನಿಷ್ಠ ಕೂಲಿಯನ್ನು 2009ರಿಂದ ಗಂಟೆಗೆ 7.25 ಡಾಲರ್‌ನಲ್ಲೇ ಬಿಟ್ಟಿದೆ. ಅದು ಅಲುಗದಿದ್ದಾಗ ಒಬಾಮ 2014ರಲ್ಲಿ ಸರ್ಕಾರಿ ಗುತ್ತಿಗೆಯ ಕೆಲಸಗಾರರಿಗಾದರೂ 10.10 ಇರಲಿ ಎಂದರು, ಬೈಡನ್ 2021ರಲ್ಲಿ 15 ಎಂದರು, ಟ್ರಂಪ್ 2025ರ ಮಾರ್ಚ್‌ನಲ್ಲಿ ಬೈಡನ್ ಆದೇಶ ತೆಗೆದರು. ನಾಲ್ಕು ವರ್ಷಕ್ಕೊಮ್ಮೆ ಕೂಲಿಯ ಲೆಕ್ಕ ಬದಲಾದರೆ ಸಂಸಾರ ನಡೆಸುವವರು ಏನು ಮಾಡಬೇಕು?

ಈಗ ನನ್ನ ಮುಖ್ಯ ತಕರಾರಿಗೆ ಬರುತ್ತೇನೆ. ಆದೇಶ ಕೋರ್ಟಿನಲ್ಲಿ ನಿಲ್ಲುತ್ತದೋ ಬೀಳುತ್ತದೋ ಎಂಬುದನ್ನೇ ಟಿವಿಯವರು ಸೋಲು ಗೆಲುವು ಅಂತ ತೋರಿಸುತ್ತಾರೆ. ಬಿದ್ದ ಆದೇಶವೂ ಕೆಲಸ ಮಾಡಿ ಮುಗಿಸಿರುತ್ತದೆ. ವಕೀಲರ ಸಂಸ್ಥೆಗಳ ಮಾತನ್ನೇ ನೋಡಿ. ಇಂಥ ಆದೇಶಗಳ ವಿರುದ್ಧ ನಾಲ್ಕು ಸಂಸ್ಥೆಗಳು ಕೋರ್ಟಿಗೆ ಹೋದವು, ಬೇರೆ ಬೇರೆ ನ್ಯಾಯಾಧೀಶರ ಮುಂದೆ ನಾಲ್ಕೂ ಗೆದ್ದವು. ಆದರೆ ಇನ್ನೂ ಹೆಚ್ಚು ಸಂಸ್ಥೆಗಳು ಕೋರ್ಟಿನ ಮೆಟ್ಟಿಲನ್ನೇ ಹತ್ತಲಿಲ್ಲ. ಹೆಚ್ಚಿನವು ತಮ್ಮ ಸರದಿ ಬರುವ ಮೊದಲೇ ಶ್ವೇತಭವನದ ಜೊತೆ ರಾಜಿಯಾದವು, ಕೋಟ್ಯಂತರ ಡಾಲರ್ ಬೆಲೆಯ ಕೆಲಸವನ್ನು ಪುಕ್ಕಟೆ ಮಾಡಿಕೊಡುವುದಾಗಿ ಒಪ್ಪಿದವು. ಕೋರ್ಟಿನಲ್ಲಿ ನಾಲ್ಕಕ್ಕೆ ನಾಲ್ಕೂ ಸೋತ ಆದೇಶಗಳು ಹೊರಗೆ ಗೆದ್ದವು.

ಶಿಕ್ಷಣ ಇಲಾಖೆಯದು ಇದಕ್ಕಿಂತ ದೊಡ್ಡ ಕತೆ. ಆ ಇಲಾಖೆ ಹುಟ್ಟಿದ್ದು 1979ರ ಕಾಯ್ದೆಯಿಂದ. ಅದನ್ನು ಮುಚ್ಚಲು ಇನ್ನೊಂದು ಕಾಯ್ದೆಯೇ ಬೇಕು. ಟ್ರಂಪ್ ಕಡೆಯ ವಕೀಲರಿಗೂ ಇದು ಗೊತ್ತು. ಹಾಗಾಗಿ 2025ರ ಮಾರ್ಚ್ 20ರ ಆದೇಶದಲ್ಲಿ ‘ಕಾನೂನು ಅವಕಾಶ ಕೊಡುವಷ್ಟರ ಮಟ್ಟಿಗೆ’ ಮುಚ್ಚುವ ಕ್ರಮ ತೆಗೆದುಕೊಳ್ಳಿ ಎಂದು ಬರೆದರು. ಈ ನಾಲ್ಕು ಪದ ಸೇರಿಸಿದರೆ ಆದೇಶ ಕಾಗದದ ಮೇಲೆ ಕಾನೂನುಬದ್ಧ. ಅತ್ತ ಇಲಾಖೆ ಸುಮಾರು 4,100 ನೌಕರರಲ್ಲಿ ಅರ್ಧದಷ್ಟು ಜನರನ್ನು ತೆಗೆಯುವ ಕೆಲಸ ಆಗಲೇ ಶುರು ಮಾಡಿತ್ತು. ಬಾಸ್ಟನ್ನಿನ ನ್ಯಾಯಾಧೀಶರು ಮೇ ತಿಂಗಳಲ್ಲಿ ತಡೆದರು. ಜುಲೈ 14ರಂದು ಸುಪ್ರೀಂ ಕೋರ್ಟ್ ಆ ತಡೆಯನ್ನು ತಡೆದು, ಕೇಸು ನಡೆಯುತ್ತಿರಲಿ, ಅಲ್ಲಿಯವರೆಗೆ ಸರ್ಕಾರ ಮುಂದುವರಿಯಬಹುದು ಎಂದಿತು. ಕಾರಣ ಕೂಡ ಬರೆಯಲಿಲ್ಲ. ಕಾಯ್ದೆಯ ಪುಸ್ತಕದಲ್ಲಿ ಇಲಾಖೆ ಹಾಗೇ ಇದೆ. ಕಚೇರಿಯಲ್ಲಿ ಕುರ್ಚಿಗಳು ಖಾಲಿ. ಮನೆಗೆ ಕಳಿಸಿದ ಅನುಭವಿ ನೌಕರ ಬೇರೆ ಕೆಲಸ ಹುಡುಕಿಕೊಂಡ ಮೇಲೆ ತೀರ್ಪು ಅವನ ಪರ ಬಂದರೂ ಇಲಾಖೆಗೆ ಅವನು ಸಿಗುತ್ತಾನಾ?

ಎಚ್-1ಬಿ ಘೋಷಣೆಯ ವಾರಾಂತ್ಯ ನಿಮಗೆ ನೆನಪಿರಬೇಕು. 2025ರ ಸೆಪ್ಟೆಂಬರ್ 19, ಶುಕ್ರವಾರ ಸಹಿ. ಭಾನುವಾರ ಜಾರಿ. ಶುಲ್ಕ 1,00,000 ಡಾಲರ್, ಆಗಿನ ಲೆಕ್ಕದಲ್ಲಿ ಸುಮಾರು 88 ಲಕ್ಷ ರೂಪಾಯಿ. ವಾಣಿಜ್ಯ ಕಾರ್ಯದರ್ಶಿ ಇದು ವರ್ಷ ವರ್ಷವೂ ಕಟ್ಟಬೇಕಾದದ್ದು ಎಂದರು. ಮರುದಿನ ಶ್ವೇತಭವನ ಅಲ್ಲ, ಒಂದೇ ಸಲ, ಅದೂ ಹೊಸ ಅರ್ಜಿಗೆ ಮಾತ್ರ ಎಂದಿತು. ಈ ನಡುವೆ ರಜೆಗೆ ಊರಿಗೆ ಬಂದಿದ್ದ ಎಷ್ಟೋ ಜನ ಸಿಕ್ಕ ಬೆಲೆಗೆ ಟಿಕೆಟ್ ತೆಗೆದುಕೊಂಡು ವಾಪಸ್ ಓಡಿದರು. ಮಸೂದೆಯಾಗಿ ಬಂದಿದ್ದರೆ ತಿಂಗಳುಗಟ್ಟಲೆ ಚರ್ಚೆಯಾಗುತ್ತಿತ್ತು, ಯಾರಿಗೆ ಅನ್ವಯ ಎಂದು ಸಮಿತಿಯಲ್ಲಿ ಯಾರಾದರೂ ಕೇಳುತ್ತಿದ್ದರು. ಆದೇಶದಲ್ಲಿ ಆ ಕೆಲಸ ಸಹಿಯಾದ ಮೇಲೆ ನಡೆಯುತ್ತದೆ.

ಇನ್ನೊಂದು ಆದೇಶ ಹೇಳಿದರೆ ನಗಬೇಡಿ. ಸ್ನಾನದ ಶವರ್ ಬಗ್ಗೆ. 1992ರ ಕಾಯ್ದೆ ಶವರಿನಲ್ಲಿ ನಿಮಿಷಕ್ಕೆ 2.5 ಗ್ಯಾಲನ್, ಅಂದರೆ ಸುಮಾರು 9.5 ಲೀಟರ್‌ಗಿಂತ ಜಾಸ್ತಿ ನೀರು ಬರಬಾರದು ಎನ್ನುತ್ತದೆ. ಕಂಪನಿಗಳು ಒಂದೇ ಶವರಿಗೆ ನಾಲ್ಕೈದು ಬಾಯಿ ಇಟ್ಟು, ಒಂದೊಂದಕ್ಕೆ 2.5 ಎಂದವು. ಒಬಾಮ ಕಾಲದಲ್ಲಿ ಎಲ್ಲ ಬಾಯಿ ಸೇರಿ 2.5 ಎಂದು ನಿಯಮ ಬಂತು. ಆಮೇಲೆ ಒಬ್ಬರು ಸಡಿಲಿಸುವುದು, ಇನ್ನೊಬ್ಬರು ಬಿಗಿ ಮಾಡುವುದು. ತಲೆಗೂದಲಿಗೆ ನೀರು ಸಾಲುತ್ತಿಲ್ಲ ಎಂಬುದು ಟ್ರಂಪ್ ಅವರ ಹಳೆಯ ದೂರು. 2025ರ ಏಪ್ರಿಲ್ 9ರಂದು ನಿಯಮ ತೆಗೆಯಲು ಆದೇಶಿಸಿದರು. ಇಲ್ಲಿಯವರೆಗೆ ತಮಾಷೆ. ಇಲಾಖೆ ನಿಯಮ ಮಾಡಬೇಕಾದರೂ ತೆಗೆಯಬೇಕಾದರೂ ಮೊದಲೇ ಪ್ರಕಟಿಸಿ, ಜನರ ಆಕ್ಷೇಪ ಕೇಳಿ, ಅದಕ್ಕೆ ಉತ್ತರ ಕೊಡಬೇಕು ಎಂದು 1946ರ ಆಡಳಿತ ವಿಧಾನ ಕಾಯ್ದೆ ಹೇಳುತ್ತದೆ. ಆದೇಶದಲ್ಲಿ ಇದಕ್ಕೆ ಒಂದೇ ಸಾಲಿನ ಉತ್ತರ ಇತ್ತು: ರದ್ದು ಮಾಡಲು ನಾನೇ ಆದೇಶಿಸುತ್ತಿರುವುದರಿಂದ ಅದೆಲ್ಲ ಅನಗತ್ಯ. ಇಡೀ ವರ್ಷದ ಆದೇಶಗಳಲ್ಲಿ ನನಗೆ ಹೆಚ್ಚು ಕಳವಳ ತಂದ ಸಾಲು ಇದು. ಶವರಿಗೆ ಇದು ನಡೆದರೆ ಔಷಧಿಯ ನಿಯಮಕ್ಕೆ ಯಾಕೆ ನಡೆಯಬಾರದು, ಗಣಿಯ ಸುರಕ್ಷತೆಗೆ ಯಾಕೆ ನಡೆಯಬಾರದು? ಸಣ್ಣ ವಿಷಯ ಅಂತ ಯಾರೂ ಕೇಳುವುದಿಲ್ಲ.

ಇದೆಲ್ಲ ಓದಿ ಒಬಾಮ, ಬೈಡನ್ ಅವರ ಪಕ್ಷದ ಡೆಮಾಕ್ರಟರು ಸಾಚಾ ಅಂದುಕೊಳ್ಳಬೇಡಿ. ವಲಸಿಗರ ಗಡೀಪಾರನ್ನು ಆದೇಶದಿಂದ ನಿಲ್ಲಿಸಲು ನನಗೆ ಆಗುವುದಿಲ್ಲ ಎಂದು 2011ರಲ್ಲಿ ಹೇಳಿದ್ದ ಒಬಾಮ, ಮರುವರ್ಷ ಚಿಕ್ಕವರಿದ್ದಾಗ ಬಂದ ವಲಸಿಗರಿಗೆ ಇಲಾಖೆಯ ಜ್ಞಾಪನದ ಮೂಲಕ ರಕ್ಷಣೆ ಕೊಟ್ಟರು. ನನಗೆ ಆ ನೀತಿ ಇಷ್ಟ. ದಾರಿ ಇಷ್ಟವಿಲ್ಲ. ವಿದ್ಯಾರ್ಥಿ ಸಾಲ ಮನ್ನಾ ಮಾಡುವ ಅಧಿಕಾರ ಅಧ್ಯಕ್ಷರಿಗೆ ಇಲ್ಲ, ಅದು ಸಂಸತ್ತಿನ ಕೆಲಸ ಎಂದು 2021ರಲ್ಲಿ ಹೇಳಿದ್ದು ಬೈಡನ್ ಪಕ್ಷದವರೇ ಆದ ಸ್ಪೀಕರ್ ನ್ಯಾನ್ಸಿ ಪೆಲೋಸಿ. ಬೈಡನ್ ಮುಂದಿನ ವರ್ಷ 2003ರ ಒಂದು ಯುದ್ಧಕಾಲದ ಕಾಯ್ದೆ ಹಿಡಿದುಕೊಂಡು ಸುಮಾರು 400 ಬಿಲಿಯನ್ ಡಾಲರ್ ಮನ್ನಾಕ್ಕೆ ಕೈಹಾಕಿದರು. 2023ರ ಜೂನ್ 30ರಂದು ಸುಪ್ರೀಂ ಕೋರ್ಟ್ 6-3ರಲ್ಲಿ ಬೇಡ ಎಂದಿತು. ಆಗ ಆದೇಶದ ರಾಜ್ಯಭಾರ ಎಂದು ಬೊಬ್ಬೆ ಹೊಡೆದ, ಟ್ರಂಪ್ ಪಕ್ಷದ ರಿಪಬ್ಲಿಕನ್ನರು ಈಗ ಸುಮ್ನೆ ಕೂತಿದ್ದಾರೆ.

ಸಂಸತ್ತು ಮನಸ್ಸು ಮಾಡಿದರೆ ಆದೇಶವನ್ನು ಕಾಯ್ದೆಯಿಂದ ಮುರಿಯಬಹುದು. ಆದರೆ ಆ ಕಾಯ್ದೆಗೂ ಅಧ್ಯಕ್ಷರ ಸಹಿ ಬೇಕು. ವೀಟೋ ಹಾಕಿದರೆ ಎರಡೂ ಸದನದಲ್ಲಿ ಮೂರನೇ ಎರಡು ಬಹುಮತ ಬೇಕು. ಈಗಿನ ಪಕ್ಷ ಜಗಳದಲ್ಲಿ ಅದು ಆಗದ ಮಾತು. ಹಾಗಾಗಿ ಭಾರವೆಲ್ಲ ಕೋರ್ಟಿನ ಮೇಲೆ ಬಿದ್ದಿದೆ, ಕೋರ್ಟು ಕೂಡ ಕೈ ಹಿಂದೆಗೆಯುತ್ತಿದೆ.

ಇದು ನಿಮ್ಮ ಮೊಮ್ಮಗುವಿನ ವಿಷಯದಲ್ಲೇ ಆಯಿತು. 2025ರ ಜನವರಿ 20ರ ಆದೇಶ ಹೇಳುವುದು ಇಷ್ಟು: ತಾಯಿ ಅಕ್ರಮವಾಗಿ ಇದ್ದರೆ, ಇಲ್ಲವೇ ತಾತ್ಕಾಲಿಕ ವೀಸಾದಲ್ಲಿದ್ದರೆ, ತಂದೆಯೂ ಪ್ರಜೆ ಅಥವಾ ಗ್ರೀನ್ ಕಾರ್ಡ್ ಇದ್ದವನಲ್ಲದಿದ್ದರೆ, ಆ ಮಗುವಿಗೆ ಪೌರತ್ವದ ದಾಖಲೆ ಕೊಡಬೇಡಿ ಎಂದು ಕೇಂದ್ರದ ಇಲಾಖೆಗಳಿಗೆ ಸೂಚನೆ. ಎಚ್-1ಬಿ ದಂಪತಿ ಇದರೊಳಗೆ ಬರುತ್ತಾರೆ. ಆದರೆ ಸಂವಿಧಾನದ 1868ರ 14ನೇ ತಿದ್ದುಪಡಿ ಅಮೆರಿಕದಲ್ಲಿ ಹುಟ್ಟಿ ಅಲ್ಲಿನ ಕಾನೂನಿನ ವ್ಯಾಪ್ತಿಗೆ ಬರುವ ಎಲ್ಲರೂ ಪ್ರಜೆಗಳು ಎನ್ನುತ್ತದೆ. ಚೀನಾದ ತಂದೆ ತಾಯಿಗೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹುಟ್ಟಿದ ವಾಂಗ್ ಕಿಮ್ ಆರ್ಕ್ ಪ್ರಜೆಯೇ ಎಂದು 1898ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಸಂಸತ್ತು ಅದೇ ಮಾತನ್ನು ಪೌರತ್ವ ಕಾಯ್ದೆಯಲ್ಲೂ ಬರೆದಿದೆ. ಜಾಕ್ಸನ್ ಹೇಳಿದ ಮೂರನೇ ಸ್ಥಿತಿಗೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಾಗಿಲ್ಲ. ಸಿಯಾಟಲ್‌ನಲ್ಲಿ, ಟ್ರಂಪ್ ಪಕ್ಷದವರೇ ಆದ ಹಿಂದಿನ ಅಧ್ಯಕ್ಷ ರೇಗನ್ ನೇಮಿಸಿದ ನ್ಯಾಯಾಧೀಶ ಜಾನ್ ಕಾಫ್‌ನರ್ ಮೂರೇ ದಿನದಲ್ಲಿ ತಡೆಯಾಜ್ಞೆ ಕೊಟ್ಟರು, ರಾಜಾರೋಷವಾಗಿ ಸಂವಿಧಾನಬಾಹಿರ ಎಂದರು.

ಜೂನ್ 27ರಂದು ಸುಪ್ರೀಂ ಕೋರ್ಟ್ 6-3ರಲ್ಲಿ ಬೇರೆಯೇ ಮಾತು ಹೇಳಿತು. ಕೆಳಗಿನ ನ್ಯಾಯಾಧೀಶರು ಇಡೀ ದೇಶಕ್ಕೆ ಅನ್ವಯವಾಗುವ ತಡೆಯಾಜ್ಞೆ ಕೊಡುವ ಹಾಗಿಲ್ಲ, ಕೋರ್ಟಿಗೆ ಬಂದವರಿಗೆ ಮಾತ್ರ ಪರಿಹಾರ ಎಂದಿತು. ಆದೇಶ ಸರಿಯೋ ತಪ್ಪೋ ಎಂಬುದನ್ನು ಮುಟ್ಟಲೇ ಇಲ್ಲ. ಎಲ್ಲ ಶಿಶುಗಳ ಪರ ಒಟ್ಟಾಗಿ ಹೂಡಿದ ದಾವೆಯಲ್ಲಿ ಜುಲೈ 10ರಂದು ನ್ಯೂ ಹ್ಯಾಂಪ್‌ಶೈರ್‌ನ ನ್ಯಾಯಾಧೀಶರು ಮತ್ತೆ ತಡೆದರು. ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಮೂಲ ಪ್ರಶ್ನೆಯನ್ನೇ ಎತ್ತಿಕೊಂಡಿತು. 2026ರ ಜನವರಿಯಲ್ಲಿ ನಾನು ಇದನ್ನು ಬರೆಯುವ ಹೊತ್ತಿಗೆ ಆದೇಶ ಒಂದು ಮಗುವಿಗೂ ಅನ್ವಯವಾಗಿಲ್ಲ. ಜೂನ್ ಕೊನೆಯ ಸುಮಾರಿಗೆ ಆ ಕೋರ್ಟ್ ವರ್ಷದ ದೊಡ್ಡ ತೀರ್ಪುಗಳನ್ನು ಮುಗಿಸುವುದು ರೂಢಿ. ನಿಮ್ಮ ಮೊಮ್ಮಗು ಅದಕ್ಕೆ ಸ್ವಲ್ಪ ಮೊದಲು ಬರುತ್ತದೆ. ಮಗಳಿಗೆ ಹೇಳಿ: ಜನನ ಪ್ರಮಾಣಪತ್ರ ಕೊಡುವುದು ಟೆಕ್ಸಾಸ್ ರಾಜ್ಯದವರು, ಕೇಂದ್ರದವರಲ್ಲ. ಅದನ್ನು ಆಸ್ಪತ್ರೆಯಿಂದ ಬಂದ ಕೂಡಲೇ ಮಾಡಿಸಿಕೊಳ್ಳಲಿ, ಪಾಸ್‌ಪೋರ್ಟ್ ಅರ್ಜಿಯನ್ನು ತಡಮಾಡದೆ ಹಾಕಲಿ. ಅಲ್ಲಿನ ವಲಸೆ ವಕೀಲರೊಬ್ಬರ ಜೊತೆ ಈಗಲೇ ಒಂದು ಸಲ ಮಾತಾಡಿಟ್ಟುಕೊಳ್ಳುವುದು ಒಳ್ಳೆಯದು.

ಮುಂದಿನವರು ರದ್ದು ಮಾಡಬಹುದಾ ಎಂದು ಕೇಳಿದ್ದಿರಿ. ಮಾಡಬಹುದು, ಒಂದು ಮಧ್ಯಾಹ್ನದ ಕೆಲಸ. ಟ್ರಂಪ್ ಕೂಡ ಮೊದಲ ದಿನ ಒಂದೇ ಆದೇಶದಲ್ಲಿ ಬೈಡನ್ ಕಾಲದ 78 ಆದೇಶ, ಜ್ಞಾಪನಗಳನ್ನು ತೆಗೆದುಹಾಕಿದರು. ಖಾಲಿಯಾದ ಇಲಾಖೆ ಮಾತ್ರ ಹಾಗೆ ಒಂದು ಮಧ್ಯಾಹ್ನದಲ್ಲಿ ತುಂಬುವುದಿಲ್ಲ. ಎಚ್-1ಬಿ ಘೋಷಣೆಗೆ ಬೇರೆ ಅಧ್ಯಕ್ಷರನ್ನು ಕಾಯಬೇಕಾಗಿಲ್ಲ. ಅದರ ಅವಧಿ 12 ತಿಂಗಳು, ಟ್ರಂಪ್ ಮುಂದುವರಿಸದಿದ್ದರೆ 2026ರ ಸೆಪ್ಟೆಂಬರ್‌ನಲ್ಲಿ ತಾನಾಗಿ ಮುಗಿಯುತ್ತದೆ. ನಿಮ್ಮ ಮಗಳು, ಅಳಿಯ ಈಗಾಗಲೇ ಆ ವೀಸಾದಲ್ಲೇ ಅಲ್ಲಿದ್ದಾರೆ. ಬರೀ ನವೀಕರಣ ಬಾಕಿ ಇದ್ದರೆ ಆ ಶುಲ್ಕ ಅವರ ಅರ್ಜಿಗೆ ತಗಲುವುದಿಲ್ಲ.